ಫೀಡಿಯಸ್: ಬಂಗಾರ ತೂಗಿ ತೋರಿಸಿದ ಶಿಲ್ಪಿ



ಈ ಸಲದ ಮಹನೀಯರ ಜೀವನಕ್ಕೆ ದೂರದ ದೇಶದ ಒಬ್ಬ ಕುಶಲಕರ್ಮಿಯನ್ನು ಆರಿಸಿಕೊಂಡಿದ್ದೇವೆ. ಇವನು ರಾಜನಲ್ಲ, ದಂಡನಾಯಕನಲ್ಲ, ಕಾನೂನು ಬರೆದವನೂ ಅಲ್ಲ. ಕಂಚು ಕರಗಿಸಿ ಎರಕ ಹೊಯ್ಯುತ್ತಿದ್ದವನು, ಕಲ್ಲು ಕೆತ್ತುತ್ತಿದ್ದವನು. ಹೆಸರು ಫೀಡಿಯಸ್. ಊರು ಗ್ರೀಸ್ ದೇಶದ ಅಥೆನ್ಸ್. ಸುಮಾರು 2500 ವರ್ಷಗಳ ಹಿಂದಿನವನು. ಪ್ರಪಂಚದ ಏಳು ಅದ್ಭುತಗಳು ಅಂತ ನಾವು ಬಾಯಿಪಾಠ ಮಾಡ್ತೀವಲ್ಲ, ಆ ಹಳೇ ಪಟ್ಟಿಯಲ್ಲಿ ಒಂದು ಇವನ ಕೈಯಿಂದ ಆದದ್ದು. ವಿಚಿತ್ರ ಏನಂದ್ರೆ, ಇವನೇ ಮಾಡಿದ್ದು ಎಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಕಂಚಿನ ಮೂರ್ತಿಯೂ ಇವತ್ತು ಉಳಿದಿಲ್ಲ. ಬಂಗಾರದ್ದೂ ಇಲ್ಲ. ಉಳಿದಿರುವುದು ಒಂದು ಮಣ್ಣಿನ ಲೋಟ. ಅದರ ಸುದ್ದಿ ಕೊನೆಗೆ ಬರುತ್ತೆ, ಅಲ್ಲೀವರೆಗೂ ಬಿಡದೆ ಓದಿ.

ಫೀಡಿಯಸ್ ಕ್ರಿ.ಪೂ. 490ರ ಆಸುಪಾಸಿನಲ್ಲಿ ಜನಿಸಿದನು. ತಂದೆಯ ಹೆಸರು ಖಾರ್ಮಿಡೀಸ್. (ಕ್ರಿ.ಪೂ. ಎಂದರೆ ಲೆಕ್ಕ ಇಳಿಯುತ್ತಾ ಬರುತ್ತದೆ. 490 ಮೊದಲು, 480 ಆಮೇಲೆ. ಇದನ್ನು ನೆನಪಿಟ್ಟುಕೊಂಡು ಓದಿ, ಇಲ್ಲದಿದ್ದರೆ ತಲೆ ಕೆಡುತ್ತೆ.) ಆ ಕಾಲದಲ್ಲಿ ಗ್ರೀಸ್ ಒಂದೇ ದೇಶವಾಗಿರಲಿಲ್ಲ. ಅಥೆನ್ಸ್, ಸ್ಪಾರ್ಟ, ಕಾರಿಂಥ್ ಹೀಗೆ ಒಂದೊಂದು ಊರೂ ಒಂದೊಂದು ರಾಜ್ಯ. ತಮ್ಮತಮ್ಮಲ್ಲೇ ಜಗಳ ಕಾಯುತ್ತಿದ್ದರು. ಆದರೆ ಭಾಷೆ, ದೇವರು, ಒಲಿಂಪಿಕ್ ಪಂದ್ಯ ಮಾತ್ರ ಎಲ್ಲರಿಗೂ ಒಂದೇ.

ಕ್ರಿ.ಪೂ. 490ರಲ್ಲಿ ಪರ್ಷಿಯಾದ ಚಕ್ರವರ್ತಿ ಡೇರಿಯಸ್‌ನ ಸೈನ್ಯ ಸಮುದ್ರ ದಾಟಿ ಬಂದು ಮ್ಯಾರಥಾನ್ ಎಂಬ ಬಯಲಿನಲ್ಲಿ ಇಳಿಯಿತು. ಅಥೆನ್ಸಿನವರು ಅದನ್ನು ಸೋಲಿಸಿ ಓಡಿಸಿದರು. ಹತ್ತು ವರ್ಷ ಬಿಟ್ಟು ಡೇರಿಯಸ್‌ನ ಮಗ ಜೆರ್ಕ್ಸಿಸ್ ಇನ್ನೂ ದೊಡ್ಡ ದಂಡು ಕಟ್ಟಿಕೊಂಡು ಬಂದ. ಈ ಸಲ ಅಥೆನ್ಸಿನವರು ಊರನ್ನೇ ಖಾಲಿ ಮಾಡಿ, ಹೆಂಗಸರು ಮಕ್ಕಳನ್ನು ದೋಣಿ ಹತ್ತಿಸಿ ಬೇರೆ ಊರುಗಳಿಗೆ ಕಳಿಸಿದರು. ಊರ ನಡುವೆ ಅಕ್ರೊಪೊಲಿಸ್ ಎಂಬ ಬಂಡೆಗುಡ್ಡ ಇದೆ. ಮೇಲೆ ಸಮತಟ್ಟು, ಅಲ್ಲಿ ಅವರ ದೇವಸ್ಥಾನಗಳು. ಪರ್ಷಿಯಾದವರು ಅವನ್ನೆಲ್ಲ ಸುಟ್ಟರು, ಮೂರ್ತಿಗಳನ್ನು ಒಡೆದು ಉರುಳಿಸಿದರು. ಅದೇ ವರ್ಷ ಸಲಾಮಿಸ್ ದ್ವೀಪದ ಹತ್ತಿರ ಹಡಗಿನ ಯುದ್ಧದಲ್ಲಿ ಗ್ರೀಕರು ಗೆದ್ದರು, ಮಾರನೇ ವರ್ಷ ಶತ್ರುಗಳು ಪೂರ್ತಿ ಹಿಮ್ಮೆಟ್ಟಿದರು. ವಾಪಸ್ ಬಂದ ಜನ ಒಡೆದ ಮೂರ್ತಿಗಳನ್ನು ಗುಡ್ಡದ ಮೇಲೆಯೇ ಗುಂಡಿಗಳಲ್ಲಿ ಹೂತರು. 1880ರ ದಶಕದಲ್ಲಿ ಅಗೆದಾಗ ಅವು ಸಿಕ್ಕವು, ಕೆಲವದರ ಮೇಲೆ ಹಚ್ಚಿದ ಬಣ್ಣ ಕೂಡ ಹಾಗೇ ಇತ್ತು.

ಆಗ ಫೀಡಿಯಸ್ ಹೆಚ್ಚುಕಮ್ಮಿ ನಮಗಿಂತ ಚಿಕ್ಕ ಹುಡುಗ. ಸುಟ್ಟ ದೇವಸ್ಥಾನಗಳ ಊರಿನಲ್ಲಿ ಬೆಳೆದವನು ಮುಂದೆ ಅದೇ ಗುಡ್ಡವನ್ನು ತುಂಬಿದ ಅನ್ನೋದನ್ನು ಮರೆಯಬೇಡಿ. ಮೊದಲು ಚಿತ್ರಕಾರನಾಗಿದ್ದ, ಆಮೇಲೆ ಶಿಲ್ಪಕ್ಕೆ ಬಂದ ಅಂತ ರೋಮಿನ ಪ್ಲಿನಿ ಬರೆದಿದ್ದಾನೆ.

ಇಲ್ಲಿ ಸ್ವಲ್ಪ ನಿಂತು ಕಂಚಿನ ಕೆಲಸ ಹೇಗೆ ಎಂದು ನೋಡೋಣ. ಅದು ಗೊತ್ತಿಲ್ಲದಿದ್ದರೆ ಇವನ ದೊಡ್ಡತನ ಗೊತ್ತಾಗೋದಿಲ್ಲ.

ತಾಮ್ರಕ್ಕೆ ಸುಮಾರು ಹತ್ತನೇ ಒಂದು ಪಾಲು ತವರ ಬೆರೆಸಿದರೆ ಕಂಚು. ತಾಮ್ರಕ್ಕಿಂತ ಗಟ್ಟಿ, ಆದರೆ ಬೇಗ ಕರಗುತ್ತದೆ. ಆಲೆಮನೆಯಲ್ಲಿ ಬಿಸಿ ಪಾಕವನ್ನು ಅಚ್ಚಿಗೆ ಹೊಯ್ದು ಬೆಲ್ಲ ಮಾಡೋದನ್ನು ನಾವೆಲ್ಲ ನೋಡಿದ್ದೀವಿ. ಎರಕ ಅಂದ್ರೆ ಮೂಲದಲ್ಲಿ ಅದೇ. ಆದರೆ ಬೆಲ್ಲದ ಅಚ್ಚು ತಲೆಕೆಳಗು ಮಾಡಿದರೆ ಬೆಲ್ಲ ಉದುರುತ್ತದೆ. ಮನುಷ್ಯನ ಕಿವಿ, ಬೆರಳು, ಗುಂಗುರು ಕೂದಲು ಇರುವ ಮೂರ್ತಿ ಅಚ್ಚಿನಿಂದ ಹಂಗೆ ಉದುರುತ್ತದೆಯೇ? ಇಲ್ಲ. ಅದಕ್ಕೇ ಮೇಣದ ಉಪಾಯ. ಮೊದಲು ಒಳಗಡೆ ಮಣ್ಣಿನ ತಿರುಳು. ಅದರ ಮೇಲೆ ತೆಳ್ಳಗೆ ಜೇನುಮೇಣ, ಈ ಮೇಣದಲ್ಲೇ ಮೂಗು, ಕಣ್ಣು, ಗಡ್ಡ, ಎಲ್ಲ ತಿದ್ದುವುದು. ಅದರ ಮೇಲೆ ಮತ್ತೆ ಜೇಡಿಮಣ್ಣು ಮೆತ್ತಿ, ಮೇಣ ಹರಿದುಹೋಗಲು, ಗಾಳಿ ಆಚೆ ಬರಲು ಕೊಳವೆ ಬಿಡುವುದು. ಒಳಗಿನ ತಿರುಳು ಅಲುಗಾಡದಂತೆ ಲೋಹದ ಮೊಳೆ ಹೊಡೆಯುವುದು. ಆಮೇಲೆ ಬೆಂಕಿಯಲ್ಲಿ ಸುಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಮೇಣ ಕರಗಿ ಸುರಿದುಹೋಗುತ್ತದೆ. ಮೇಣ ಇದ್ದ ಸಂದಿಗೆ ಕರಗಿದ ಕಂಚು ಹೊಯ್ಯಬೇಕು. ಕಂಚು ಕರಗೋದು ಸಾವಿರ ಡಿಗ್ರಿ ಸೆಲ್ಸಿಯಸ್ ಆಜುಬಾಜಿನಲ್ಲಿ. ಅಚ್ಚಿನಲ್ಲಿ ಒಂದು ಹನಿ ತೇವ ಉಳಿದಿದ್ದರೂ ಆವಿಯಾಗಿ ಸಿಡಿಯುತ್ತದೆ, ಹತ್ತಿರ ನಿಂತವನ ಗತಿ ಮುಗೀತು. ಆರಿದ ಮೇಲೆ ಮಣ್ಣು ಒಡೆದು ತೆಗೆಯುವುದು. ಒಳಗಿನ ತಿರುಳನ್ನೂ ಕೆದಕಿ ತೆಗೆದರೆ ಮೂರ್ತಿ ಪೊಳ್ಳು. ಹಂಗಾಗಿಯೇ ದೊಡ್ಡ ಮೂರ್ತಿಗೂ ಲೋಹ ಕಡಿಮೆ ಸಾಕು.

ಆಳೆತ್ತರದ ಮೂರ್ತಿಯನ್ನು ಒಂದೇ ಎರಕದಲ್ಲಿ ಮಾಡುತ್ತಿರಲಿಲ್ಲ. ತಲೆ, ತೋಳು, ಕಾಲು ಬೇರೆ ಬೇರೆ ಎರಕ ಹೊಯ್ದು, ಸಂದಿಗೆ ಕರಗಿದ ಕಂಚು ಸುರಿದು ಬೆಸೆಯುತ್ತಿದ್ದರು. ಕಣ್ಣಿಗೆ ಬಿಳಿಕಲ್ಲು, ಗಾಜು. ತುಟಿಗೆ ಕೆಂಪು ತಾಮ್ರ. ಕೆಲವಕ್ಕೆ ಹಲ್ಲು ಬೆಳ್ಳಿಯದು! ಪುಸ್ತಕದ ಚಿತ್ರಗಳಲ್ಲಿ ಕಾಣುವ ಹಸಿರು ಬಣ್ಣ ಕಾಲ ಕಳೆದ ಮೇಲೆ ಹಿಡಿದ ಕಿಲುಬು. ಹೊಸತರಲ್ಲಿ ಅವು ಬಿಸಿಲಲ್ಲಿ ದುಡಿದ ಮೈಯಂತೆ ಕಂದಾಗಿ ಹೊಳೆಯುತ್ತಿದ್ದವು.

ಈ ಮೇಣದೆರಕ ಗ್ರೀಕರೊಬ್ಬರ ಸೊತ್ತಲ್ಲ. ನಮ್ಮ ನಾಡಿನಲ್ಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಮೇಣದಿಂದ ಮೂರ್ತಿ ಎರಕ ಹೊಯ್ಯುವ ಕ್ರಮವನ್ನು ವಿವರಿಸಿದ್ದಾನೆ. ಕಲ್ಯಾಣ ಅಂದ್ರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಇರಲಿ, ಅಥೆನ್ಸಿಗೆ ವಾಪಸ್ ಹೋಗೋಣ.

ಫೀಡಿಯಸ್‌ಗೆ ಹೆಸರು ತಂದ ಮೊದಲ ದೊಡ್ಡ ಕೆಲಸ ಅಥೀನಾ ದೇವಿಯ ಕಂಚಿನ ಮೂರ್ತಿ. ಅಥೀನಾ ಅಥೆನ್ಸಿನ ಊರದೇವತೆ, ವಿದ್ಯೆಗೂ ಅವಳೇ, ಯುದ್ಧಕ್ಕೂ ಅವಳೇ, ಕುಶಲಕರ್ಮಿಗಳಿಗೂ ಅವಳೇ. ಮ್ಯಾರಥಾನ್ ಗೆಲುವಿನಲ್ಲಿ ಸಿಕ್ಕ ಕೊಳ್ಳೆಯ ಹಣದಿಂದ ಇದನ್ನು ಮಾಡಿಸಿದರು ಎಂದು ಹಳಬರು ಬರೆದಿದ್ದಾರೆ. ಕೆಲಸ ಮುಗಿದದ್ದು ಕ್ರಿ.ಪೂ. 450ರ ದಶಕದಲ್ಲಿ. ಎತ್ತರ ಸುಮಾರು 9 ಮೀಟರು, ಅಂದ್ರೆ ನಮ್ಮ ರಸ್ತೆಯ ಲೈಟುಕಂಬದಷ್ಟು. ಅಕ್ರೊಪೊಲಿಸ್ ಗುಡ್ಡದ ಬಯಲಿನಲ್ಲಿ ಈಟಿ ಹಿಡಿದು ನಿಂತಿದ್ದಳು. ಸೂನಿಯಂ ಭೂಶಿರ ದಾಟಿ ಬರುವ ಹಡಗಿನವರಿಗೆ ಅವಳ ಈಟಿಯ ಮೊನೆ, ಶಿರಸ್ತ್ರಾಣದ ತುದಿ ಬಿಸಿಲಿಗೆ ಮಿಂಚುವುದು ಕಾಣುತ್ತಿತ್ತು ಎಂದು ಪಾಸೇನಿಯಸ್ ಎಂಬ ಪ್ರವಾಸಿ ಬರೆದಿಟ್ಟಿದ್ದಾನೆ. ಅವನು ಬಂದದ್ದು ಫೀಡಿಯಸ್ ಸತ್ತು 600 ವರ್ಷವಾದ ಮೇಲೆ. ಆಗಲೂ ಮೂರ್ತಿ ಅಲ್ಲೇ ಇತ್ತು.

ಲೆಮ್ನಾಸ್ ದ್ವೀಪಕ್ಕೆ ವಲಸೆ ಹೋದ ಅಥೆನ್ಸಿನವರು ಕೊಡಿಸಿದ ಇನ್ನೊಂದು ಕಂಚಿನ ಅಥೀನಾ ಇತ್ತು. ಶಿರಸ್ತ್ರಾಣವಿಲ್ಲದ ಸೌಮ್ಯ ಮುಖದ್ದಿರಬೇಕು ಎಂದು ವಿದ್ವಾಂಸರ ಊಹೆ. ಫೀಡಿಯಸ್‌ನ ಕೃತಿಗಳಲ್ಲೆಲ್ಲ ಅದೇ ಚೆಂದ ಅಂತ ಹಳಬರಲ್ಲಿ ಎಷ್ಟೋ ಜನರ ಅಭಿಪ್ರಾಯ.

ಅವನ ಬಗ್ಗೆ ಎರಡು ಕಥೆಗಳು ಬಹಳ ಪ್ರಸಿದ್ಧ. ಒಂದನ್ನು ಪ್ಲಿನಿ ಹೇಳುತ್ತಾನೆ. ಎಫೆಸಸ್ ಎಂಬ ಊರಿನ ದೇವಸ್ಥಾನಕ್ಕೆ ವೀರವನಿತೆಯರ ಕಂಚಿನ ಮೂರ್ತಿಗಳನ್ನು ಹಲವು ಶಿಲ್ಪಿಗಳು ಮಾಡಿದ್ದರು. ಯಾವುದು ಉತ್ತಮ ಅಂತ ಶಿಲ್ಪಿಗಳೇ ತೀರ್ಪು ಕೊಡಬೇಕು. ಪ್ರತಿಯೊಬ್ಬನೂ ತನ್ನದೇ ಮೊದಲು ಅಂದ! ಕೊನೆಗೆ ಎಲ್ಲರೂ ತಮ್ಮದರ ನಂತರ ಯಾರದನ್ನು ಹೆಸರಿಸಿದರು ಅಂತ ಎಣಿಸಿದರು. ಪಾಲಿಕ್ಲೀಟಸ್ ಎಂಬುವನು ಗೆದ್ದ. ನಮ್ಮ ಫೀಡಿಯಸ್‌ಗೆ ಎರಡನೇ ಸ್ಥಾನ. ನಮ್ಮ ರಂಗೋಲಿ ಸ್ಪರ್ಧೆಗೂ ಈ ಪದ್ಧತಿ ತಂದರೆ ಜಗಳ ಕಡಿಮೆಯಾಗುತ್ತೆ ಅಂತ ನನ್ನ ಸಲಹೆ.

ಇನ್ನೊಂದು ಕಥೆ ಬರೆದಿಟ್ಟವನು 12ನೇ ಶತಮಾನದವನು, ತುಂಬ ತಡವಾಯಿತು, ಆದ್ದರಿಂದ ಕಟ್ಟುಕಥೆಯೂ ಇರಬಹುದು. ಎತ್ತರದ ಕಂಬದ ಮೇಲೆ ನಿಲ್ಲಿಸಲು ಅಥೀನಾ ಮೂರ್ತಿ ಬೇಕಿತ್ತು. ಫೀಡಿಯಸ್‌ಗೂ ಅವನ ಶಿಷ್ಯ ಆಲ್ಕಮಿನೀಸ್‌ಗೂ ಪೈಪೋಟಿ. ಶಿಷ್ಯನ ಮೂರ್ತಿ ನೆಲದ ಮೇಲೆ ಬಲು ಚೆಂದ. ಗುರುವಿನದು ತೆರೆದ ತುಟಿ, ಅಗಲ ಮೂಗಿನ ಹೊಳ್ಳೆ, ನೋಡಿದವರಿಗೆ ವಿಕಾರ. ಜನ ಸಿಟ್ಟಿಗೆದ್ದು ಕಲ್ಲು ಹೊಡೆಯುವುದರಲ್ಲಿದ್ದರು. ಆದರೆ ಎರಡನ್ನೂ ಕಂಬಕ್ಕೆ ಏರಿಸಿದ ಮೇಲೆ ಶಿಷ್ಯನದು ಕೆಳಗಿನಿಂದ ಸರಿಯಾಗಿ ಕಾಣಲೇ ಇಲ್ಲ, ಗುರುವಿನದು ತಿದ್ದಿದ ಹಾಗೆ ಕಂಡಿತು. ನೋಡುವವನು ಎಲ್ಲಿ ನಿಂತಿರುತ್ತಾನೆ ಅನ್ನೋದನ್ನು ಲೆಕ್ಕ ಹಾಕಿಯೇ ಅವನು ಅಳತೆ ಇಟ್ಟಿದ್ದ. ಕಥೆ ಸುಳ್ಳಿದ್ದರೂ ಈ ಲೆಕ್ಕ ಸುಳ್ಳಲ್ಲ. ಮುಂದೆ ಪಾರ್ಥೆನಾನಿನಲ್ಲಿ ಇದೇ ಲೆಕ್ಕ ಕಲ್ಲಿನಲ್ಲಿ ಕಾಣುತ್ತದೆ.

ಅಷ್ಟು ಹೊತ್ತಿಗೆ ಅಥೆನ್ಸಿನ ರಾಜಕೀಯದಲ್ಲಿ ಪೆರಿಕ್ಲೀಸ್ ಎಂಬ ನಾಯಕನ ಮಾತೇ ಮಾತು. ಪರ್ಷಿಯಾದವರು ಸುಟ್ಟ ಗುಡ್ಡದ ಮೇಲೆ ಹೊಸ ದೇವಸ್ಥಾನಗಳನ್ನು ಕಟ್ಟಿಸಬೇಕೆಂದು ಅವನು ಪಟ್ಟು ಹಿಡಿದ. ಮಿತ್ರರಾಜ್ಯಗಳು ಯುದ್ಧದ ಖರ್ಚಿಗೆಂದು ಕೊಟ್ಟ ಹಣವೂ ಇದಕ್ಕೆ ಹೋಯಿತು, ಅದಕ್ಕೆ ವಿರೋಧಿಗಳು ಗಲಾಟೆ ಮಾಡಿದರು. ಗಲಾಟೆ ಮಾಡಿದ್ದರಲ್ಲಿ ನ್ಯಾಯವಿತ್ತು ಅಂತಲೇ ಹೇಳಬೇಕು. ಆದರೂ ಕೆಲಸ ಶುರುವಾಯಿತು. ಎಲ್ಲಕ್ಕೂ ಮೇಲ್ವಿಚಾರಕ ಫೀಡಿಯಸ್ ಆಗಿದ್ದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಪಾರ್ಥೆನಾನ್ ದೇವಸ್ಥಾನದ ವಾಸ್ತುಶಿಲ್ಪಿಗಳು ಇಕ್ಟಿನಸ್ ಮತ್ತು ಕಲ್ಲಿಕ್ರಟೀಸ್. ಕ್ರಿ.ಪೂ. 447ರಲ್ಲಿ ಆರಂಭ, 438ರಲ್ಲಿ ಕಟ್ಟಡ ಸಿದ್ಧ, ಶಿಲ್ಪಗಳು ಪೂರ್ತಿಯಾದದ್ದು 432ರಲ್ಲಿ. ಬಿಳಿ ಅಮೃತಶಿಲೆ ಪೆಂಟೆಲಿಕಸ್ ಬೆಟ್ಟದಿಂದ ಸುಮಾರು 16 ಕಿ.ಮೀ. ದೂರ ಗಾಡಿಯಲ್ಲಿ ಬರಬೇಕಿತ್ತು. ಕಲ್ಲುಕುಟಿಗರು, ಬಡಗಿಗಳು, ಕಂಚುಗಾರರು, ಅಕ್ಕಸಾಲಿಗಳು, ಹಗ್ಗ ಹೊಸೆಯುವವರು, ಗಾಡಿಯವರು, ರಸ್ತೆ ಮಾಡುವವರು, ಎಲ್ಲರಿಗೂ ಕೈತುಂಬ ಕೆಲಸ.

ಇಲ್ಲಿ ಒಂದು ಹೇಸರಗತ್ತೆಯ ಕಥೆ ಬರುತ್ತೆ. ಬಂಡಿ ಎಳೆದು ಮುದಿಯಾದ ಒಂದನ್ನು ಬಿಡುಗಡೆ ಮಾಡಿ ಮೇಯಲು ಬಿಟ್ಟರಂತೆ. ಅದು ಸುಮ್ಮನಿರದೆ ದಿನಾ ಬಂದು ಬೇರೆ ಪ್ರಾಣಿಗಳ ಜೊತೆ ಗುಡ್ಡ ಹತ್ತುತ್ತಾ ಅವಕ್ಕೆ ಹುರುಪು ಕೊಡುವ ಹಾಗೆ ನಡೆಯುತ್ತಿತ್ತಂತೆ. ಊರಿನ ಸಭೆ ಅದಕ್ಕೆ ಬದುಕಿರುವವರೆಗೂ ಸರ್ಕಾರಿ ಖರ್ಚಿನಲ್ಲಿ ಮೇವು ಕೊಡಬೇಕೆಂದು ತೀರ್ಮಾನ ಮಾಡಿತು. ಈ ಹೇಸರಗತ್ತೆಯನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಶಿಲ್ಪಿಗೆ ಅದೇ ಊರು ಏನು ಮಾಡಿತು ಅಂತ ಮುಂದೆ ನೋಡುತ್ತೀರಿ.

ಪಾರ್ಥೆನಾನ್‌ಗೆ ಸುತ್ತಲೂ 46 ಕಂಬ. ದೂರದಿಂದ ಎಲ್ಲ ನೆಟ್ಟಗೆ ಕಾಣುತ್ತವೆ, ಆದರೆ ಅಳತೆ ಹಿಡಿದರೆ ಒಂದೂ ನೆಟ್ಟಗಿಲ್ಲ. ಕಂಬಗಳ ನಡು ಸ್ವಲ್ಪ ಉಬ್ಬಿದೆ, ಎಲ್ಲವೂ ಒಳಗಡೆ ಚೂರು ವಾಲಿವೆ, ಜಗುಲಿ ಕೂಡ ಉದ್ದದ ಬದಿಯಲ್ಲಿ ನಡುವೆ ಸುಮಾರು 11 ಸೆಂ.ಮೀ. ಉಬ್ಬಿದೆ. ಪೂರ್ತಿ ನೇರ ಕಟ್ಟಿದರೆ ಕಣ್ಣಿಗೆ ತಗ್ಗಿದ ಹಾಗೆ ಕಾಣುತ್ತದೆ, ಅದಕ್ಕೇ ಈ ಉಪಾಯ ಎಂದು ಹಳೇ ವಾಸ್ತು ಪುಸ್ತಕ ಹೇಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಸುಮಾರು 160 ಮೀಟರು ಉದ್ದಕ್ಕೆ ಅಥೀನಾ ಹಬ್ಬದ ಮೆರವಣಿಗೆ ಎಂದು ಹೆಚ್ಚಿನವರು ಗುರುತಿಸುವ ಕೆತ್ತನೆ ಇತ್ತು. ಕುದುರೆ ಸವಾರರು, ಬಲಿಗೆ ಹೊರಟ ಹಸುಗಳು, ಕೊಡ ಹೊತ್ತವರು, ಸಾಲಾಗಿ ನಡೆಯುವ ಹೆಣ್ಣುಮಕ್ಕಳು, ನಮ್ಮ ತೇರಿನ ದಿನದ ಸಂಭ್ರಮದ ಹಾಗೆ. ಒಂದು ಹಸು ತಲೆ ಮೇಲೆತ್ತಿ ಅಂಬಾ ಅನ್ನುತ್ತಿರುವಂತಿದೆ, ಚಿತ್ರದಲ್ಲಿ ನೋಡಿದರೂ ಕರುಳು ಚುರುಕ್ ಅನ್ನುತ್ತೆ. ಇಷ್ಟೆಲ್ಲ ಒಬ್ಬನೇ ಕೆತ್ತಲಿಲ್ಲ. ಕೆತ್ತಿದ ಕೈಗಳು ಬಹಳ. ಯೋಜನೆ ಫೀಡಿಯಸ್‌ನದು ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮುಂಗೋಪುರದ ತ್ರಿಕೋನದಲ್ಲಿ ಕೂರಿಸಿದ ಮೂರ್ತಿಗಳ ಬೆನ್ನು ಗೋಡೆ ಕಡೆಗೆ, ಯಾರಿಗೂ ಕಾಣೋದಿಲ್ಲ. ಆದರೂ ಬೆನ್ನಿನ ಕಡೆ ಬಟ್ಟೆಯ ಮಡಿಕೆಗಳನ್ನೂ ಕೆತ್ತಿದ್ದಾರೆ!

ಗರ್ಭಗುಡಿಯ ಅಥೀನಾ ಮಾತ್ರ ಫೀಡಿಯಸ್‌ನ ಸ್ವಂತ ಕೆಲಸ. ಎತ್ತರ ಸುಮಾರು 12 ಮೀಟರು. ಒಳಗೆ ಮರದ ಚೌಕಟ್ಟು, ಮುಖ ತೋಳುಗಳಿಗೆ ಆನೆದಂತದ ಹಾಳೆ, ಬಟ್ಟೆ ಒಡವೆಗೆ ಬಂಗಾರದ ತಗಡು. ಕೈಯಲ್ಲಿ ಹಿಡಿದಿದ್ದ ವಿಜಯದೇವಿಯೇ ಒಬ್ಬ ಮನುಷ್ಯನಷ್ಟು ದೊಡ್ಡದು. ಬಂಗಾರದ ತೂಕ 40 ಟ್ಯಾಲೆಂಟ್ ಅಂತ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ನಮ್ಮ ಲೆಕ್ಕದಲ್ಲಿ ಸಾವಿರ ಕಿಲೋ ಮೀರುತ್ತದೆ. ಖರ್ಚಿನ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿ ಜನ ಓದುವಂತೆ ನಿಲ್ಲಿಸಿದ್ದರು, ಆ ಕಲ್ಲುಗಳ ಚೂರುಗಳು ಈಗಲೂ ಇವೆ. ನಮ್ಮಲ್ಲಿ ಕಾಮಗಾರಿಯ ಬೋರ್ಡು ಹಾಕ್ತಾರಲ್ಲ, ಹಾಗೆ.

ಕ್ರಿ.ಪೂ. 438ರಲ್ಲಿ ದೇವಿಯನ್ನು ಪ್ರತಿಷ್ಠೆ ಮಾಡಿದರು. ಆಮೇಲೆ ಶುರುವಾಯಿತು ಶಿಲ್ಪಿಯ ಕಷ್ಟ.

ಪೆರಿಕ್ಲೀಸ್‌ನ ವೈರಿಗಳಿಗೆ ಅವನನ್ನು ನೇರವಾಗಿ ಮುಟ್ಟುವ ಧೈರ್ಯ ಇರಲಿಲ್ಲ. ಅವನ ಸ್ನೇಹಿತರನ್ನು ಹಿಡಿದರು. ಫೀಡಿಯಸ್‌ನ ಕೈಕೆಳಗೆ ದುಡಿದ ಮೆನಾನ್ ಎಂಬುವನನ್ನು ಒಲಿಸಿಕೊಂಡು ಊರ ಚೌಕದ ಕಟ್ಟೆಯಲ್ಲಿ ಕೂರಿಸಿದರು. ತನಗೆ ರಕ್ಷಣೆ ಕೊಟ್ಟರೆ ಯಜಮಾನನ ಮೇಲೆ ದೂರು ಹೇಳುತ್ತೇನೆ ಅಂತ ಅವನು ಬೇಡಿಕೊಂಡ. ದೂರು ಏನು? ದೇವಿಯ ಬಂಗಾರ ಕದ್ದಿದ್ದಾನೆ ಎಂಬುದು.

ಗೆಳೆಯರೇ, ಅಕ್ಕಸಾಲಿಯ ಮೇಲೆ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಕೆಲಸ ಹೋದರೆ ಬೇರೆ ಸಿಗುತ್ತೆ, ನಂಬಿಕೆ ಹೋದರೆ ಯಾರು ಬಂಗಾರ ಕೈಗೆ ಕೊಡ್ತಾರೆ? ಅದೂ ದೇವರ ಬಂಗಾರ. ಆದರೆ ಫೀಡಿಯಸ್ ಮೊದಲಿನಿಂದಲೇ, ಪೆರಿಕ್ಲೀಸ್‌ನ ಸಲಹೆಯಂತೆ, ಬಂಗಾರದ ತಗಡುಗಳನ್ನು ಬಿಚ್ಚಿ ತೆಗೆಯಲು ಬರುವ ಹಾಗೆ ಜೋಡಿಸಿದ್ದ. ಬಿಚ್ಚಿ ತೂಗಿ ನೋಡಿ ಎಂದು ಪೆರಿಕ್ಲೀಸ್ ಸಭೆಯಲ್ಲಿ ದೂರುದಾರರಿಗೆ ಸವಾಲು ಹಾಕಿದ. ಕಳ್ಳತನ ರುಜುವಾತಾಗಲಿಲ್ಲ ಎಂದು ಪ್ಲುಟಾರ್ಕ್ ಸ್ಪಷ್ಟವಾಗಿ ಬರೆದಿದ್ದಾನೆ.

ಅಲ್ಲಿಗಾದರೂ ಬಿಟ್ಟರೇ? ಇಲ್ಲ. ಹೊಸ ಆರೋಪ ತಂದರು. ದೇವಿಯ ಗುರಾಣಿಯ ಮೇಲೆ ವೀರವನಿತೆಯರ ಯುದ್ಧದ ದೃಶ್ಯವಿತ್ತು. ಅದರಲ್ಲಿ ಎರಡೂ ಕೈಯಲ್ಲಿ ಕಲ್ಲು ಎತ್ತಿದ ಒಬ್ಬ ಬಕ್ಕತಲೆಯ ಮುದುಕ ಫೀಡಿಯಸ್‌ನೇ ಅಂತೆ, ಈಟಿ ಎತ್ತಿದ ತೋಳಿನಿಂದ ಅರ್ಧ ಮುಖ ಮರೆಯಾದ ಯೋಧ ಪೆರಿಕ್ಲೀಸ್ ಅಂತೆ. ದೇವರ ಗುರಾಣಿಯಲ್ಲಿ ಮನುಷ್ಯರ ಮುಖ ಕೆತ್ತಿದ್ದು ಅಪಚಾರ ಎಂದು ಹಿಡಿದರು. ಬಂಗಾರ ತೂಗಬಹುದು, ಅಪಚಾರಕ್ಕೆ ತಕ್ಕಡಿ ಎಲ್ಲಿದೆ? ಫೀಡಿಯಸ್‌ನನ್ನು ಸೆರೆಮನೆಗೆ ಹಾಕಿದರು, ಅಲ್ಲೇ ಕಾಯಿಲೆಯಿಂದ ಸತ್ತ ಅಂತ ಪ್ಲುಟಾರ್ಕ್‌ನ ಮಾತು. ವಿಷ ಹಾಕಿದರು ಅನ್ನುವವರೂ ಇದ್ದರಂತೆ. ದೂರು ಕೊಟ್ಟ ಮೆನಾನ್‌ಗೆ ಏನಾಯ್ತು ಗೊತ್ತೆ? ತೆರಿಗೆ ಮಾಫಿ ಮಾಡಿ, ಅವನ ರಕ್ಷಣೆ ನೋಡಿಕೊಳ್ಳಲು ದಂಡನಾಯಕರಿಗೆ ಅಪ್ಪಣೆ ಕೊಟ್ಟರು. ಮುದಿ ಹೇಸರಗತ್ತೆಗೆ ಮೇವು ಕೊಟ್ಟ ಊರು ಇದೇ!

ಆದರೆ ಪ್ಲುಟಾರ್ಕ್ ಬರೆದದ್ದು 500 ವರ್ಷ ಕಳೆದ ಮೇಲೆ. ಅವನಿಗಿಂತ ಹಳಬನಾದ ಫಿಲೋಕೊರಸ್‌ನ ಪ್ರಕಾರ ಫೀಡಿಯಸ್ ವಿಚಾರಣೆಯ ನಂತರ ಎಲಿಸ್ ನಾಡಿಗೆ ಹೋದ, ಅಲ್ಲಿ ಒಲಿಂಪಿಯಾದ ದೊಡ್ಡ ಮೂರ್ತಿ ಮಾಡಿದ, ಅಲ್ಲಿಯೇ ತೀರಿಕೊಂಡ. ನೆಲ ಅಗೆದು ಸಿಕ್ಕಿದ ಗುರುತುಗಳೂ ಒಲಿಂಪಿಯಾದ ಕೆಲಸ ಅಥೀನಾ ಆದ ಮೇಲೆಯೇ ಎಂದು ತೋರಿಸುತ್ತವೆ. ಆದ್ದರಿಂದ ಈಗ ಹೆಚ್ಚಿನ ವಿದ್ವಾಂಸರು ಈ ಎರಡನೇ ದಾರಿಯನ್ನೇ ಹಿಡಿಯುತ್ತಾರೆ. ನನಗೂ ಇದೇ ಇಷ್ಟ, ಕಳ್ಳ ಅನ್ನಿಸಿಕೊಂಡವನಿಗೆ ಇನ್ನೊಂದು ಊರು ಮತ್ತೆ ಬಂಗಾರ ನಂಬಿ ಕೊಟ್ಟಿತಲ್ಲ.

ಒಲಿಂಪಿಯಾ ಅಂದ್ರೆ ಒಲಿಂಪಿಕ್ ಪಂದ್ಯ ಹುಟ್ಟಿದ ಜಾಗ. ಅಲ್ಲಿನ ದೇವರು ಜ್ಯೂಸ್. (ಹಣ್ಣಿನ ಜ್ಯೂಸ್ ಅಲ್ಲ, ನಗಬೇಡಿ. ಮಳೆ ಸಿಡಿಲಿನ ಒಡೆಯ, ನಮ್ಮ ಇಂದ್ರನ ಹಾಗೆ.) ದೇವಸ್ಥಾನವನ್ನು ಲೈಬಾನ್ ಎಂಬುವನು ಮೊದಲೇ ಕಟ್ಟಿ ಮುಗಿಸಿದ್ದ. ಅದರೊಳಗೆ ಫೀಡಿಯಸ್ ಕೂರಿಸಿದ ಜ್ಯೂಸ್ ಸಿಂಹಾಸನದ ಮೇಲೆ ಕುಳಿತಿದ್ದರೂ ಎತ್ತರ ಸುಮಾರು 12 ಮೀಟರು, ಫಸಲಿಗೆ ಬಂದ ತೆಂಗಿನಮರದಷ್ಟು. ಎದ್ದು ನಿಂತರೆ ಚಾವಣಿಯೇ ಹಾರಿಹೋಗುತ್ತದೆ, ಅಳತೆ ತಪ್ಪಿದ್ದಾನೆ ಅಂತ ಸ್ಟ್ರಾಬೊ ಎಂಬ ಭೂಗೋಳಕಾರ ಕೊಂಕು ತೆಗೆದ. ತಪ್ಪಲ್ಲ ಅಂತ ನನ್ನ ಅನಿಸಿಕೆ. ಒಳಗೆ ಕಾಲಿಟ್ಟವನಿಗೆ ದೇವರ ಮುಂದೆ ತಾನು ಎಷ್ಟು ಚಿಕ್ಕವನು ಅನ್ನಿಸಬೇಕಿತ್ತಲ್ಲ.

ಮೂರ್ತಿಯನ್ನು ಜನರಿಗೆ ತೋರಿಸಿದ ದಿನ ಫೀಡಿಯಸ್ ಬಾಗಿಲ ಹಿಂದೆ ಅಡಗಿ ನಿಂತು ಟೀಕೆಗಳನ್ನೆಲ್ಲ ಕೇಳಿಸಿಕೊಂಡನಂತೆ. ಮೂಗು ದಪ್ಪ ಅಂದವನೊಬ್ಬ, ಮುಖ ಉದ್ದ ಅಂದವನೊಬ್ಬ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೆಚ್ಚು ಜನ ಹೇಳಿದ್ದರಂತೆ ತಿದ್ದಿದನಂತೆ. ಇದು ಲೂಸಿಯನ್ ಎಂಬ ಲೇಖಕ ಹೇಳಿದ ಕಥೆ.

ಒಲಿಂಪಿಯಾ ಜೌಗು ನೆಲ. ದಂತ ಕೆಡದಿರಲೆಂದು ಮೂರ್ತಿಯ ಮುಂದೆ ಕಪ್ಪು ಕಲ್ಲು ಹಾಸಿ, ಸುತ್ತ ಅಂಚು ಕಟ್ಟಿ ಆಲಿವ್ ಎಣ್ಣೆ ನಿಲ್ಲಿಸುತ್ತಿದ್ದರು. ಮೂರ್ತಿಯನ್ನು ಒರೆಸಿ ಹೊಳಪು ಕೊಡುವ ಹಕ್ಕು ಫೀಡಿಯಸ್‌ನ ವಂಶಸ್ಥರದು. 600 ವರ್ಷ ಕಳೆದು ಪಾಸೇನಿಯಸ್ ಹೋದಾಗಲೂ ಅವರೇ ಆ ಕೆಲಸದಲ್ಲಿದ್ದರು.

ಇನ್ನು ಇವೆಲ್ಲ ಎಲ್ಲಿ ಹೋದವು? ಅಥೀನಾಳ ಬಂಗಾರವನ್ನು ಲಕಾರಿಸ್ ಎಂಬ ಸರ್ವಾಧಿಕಾರಿ ಕ್ರಿ.ಪೂ. 3ನೇ ಶತಮಾನದ ಆರಂಭದಲ್ಲಿ ಕಿತ್ತುಕೊಂಡ. ಬಿಚ್ಚಲು ಬರುವ ಹಾಗೆ ಜೋಡಿಸಿದ್ದು ಶಿಲ್ಪಿಯ ಮರ್ಯಾದೆ ಉಳಿಸಿತು, ಆದರೆ ಕೀಳುವವನಿಗೂ ಅನುಕೂಲವಾಯಿತು. ಮೂರ್ತಿಯೂ ಆಮೇಲೆ ಇಲ್ಲವಾಯಿತು. 1880ರಲ್ಲಿ ಅಥೆನ್ಸಿನಲ್ಲಿ ಸಿಕ್ಕ ಸುಮಾರು ಒಂದು ಮೀಟರಿನ ಅಮೃತಶಿಲೆಯ ನಕಲಿನಿಂದ ಅದರ ರೂಪ ತಿಳಿಯುತ್ತದೆ. ಜ್ಯೂಸ್ ಮೂರ್ತಿ ಕಾನ್‌ಸ್ಟಾಂಟಿನೋಪಲ್‌ಗೆ, ಅಂದ್ರೆ ಇಂದಿನ ಇಸ್ತಾಂಬುಲ್‌ಗೆ ಹೋಗಿ ಅಲ್ಲಿ 5ನೇ ಶತಮಾನದ ಬೆಂಕಿಯಲ್ಲಿ ಸುಟ್ಟಿತು ಎನ್ನುತ್ತಾರೆ. ಈಟಿ ಹಿಡಿದ ಕಂಚಿನ ಅಥೀನಾ ಕೂಡ ಅದೇ ನಗರ ಸೇರಿದಳು. 1203ರಲ್ಲಿ ಶತ್ರುಗಳು ಊರು ಮುತ್ತಿದಾಗ, ಅಲ್ಲಿದ್ದ ಒಂದು ದೊಡ್ಡ ಕಂಚಿನ ಅಥೀನಾ ಚಾಚಿದ ಕೈಯಿಂದ ಶತ್ರುಗಳನ್ನು ಕರೆಯುತ್ತಿದ್ದಾಳೆ ಅಂತ ಜನ ಹುಚ್ಚೆದ್ದು ಒಡೆದುಹಾಕಿದರು. ಅದೇ ಫೀಡಿಯಸ್‌ನ ಅಥೀನಾ ಎಂದು ಹಲವರ ನಂಬಿಕೆ. ಗುಡ್ಡದ ಮೇಲೆ ಅವಳ ಪೀಠದ ಗುರುತು ಮಾತ್ರ ಇದೆ.

ಪಾರ್ಥೆನಾನ್ ಮೊದಲು ಚರ್ಚ್ ಆಯಿತು, ತುರ್ಕರು ಬಂದ ಮೇಲೆ ಮಸೀದಿ ಆಯಿತು. ಆದರೆ ಕಟ್ಟಡ ಬಹುಪಾಲು ನಿಂತೇ ಇತ್ತು. 1687ರ ಸೆಪ್ಟೆಂಬರ್ 26ರಂದು ವೆನಿಸ್ ಸೈನ್ಯದ ಒಂದು ಗುಂಡು ಒಳಗೆ ಬಿತ್ತು. ಒಳಗಡೆ ತುರ್ಕರು ಮದ್ದಿನ ಪುಡಿ ತುಂಬಿಟ್ಟಿದ್ದರು. 2000 ವರ್ಷ ತಾಳಿದ ಕಟ್ಟಡದ ನಡುಭಾಗ ಒಂದೇ ಸದ್ದಿಗೆ ಹಾರಿಹೋಯಿತು. 1801ರಿಂದ ಬ್ರಿಟಿಷ್ ರಾಯಭಾರಿ ಎಲ್ಜಿನ್‌ನ ಆಳುಗಳು ಉಳಿದಿದ್ದ ಶಿಲ್ಪಗಳಲ್ಲಿ ಬಹಳಷ್ಟನ್ನು ಕಿತ್ತು ಸಾಗಿಸಿದರು, 1816ರಲ್ಲಿ ಬ್ರಿಟಿಷ್ ಸರ್ಕಾರ ಅವನ್ನು ಕೊಂಡಿತು. ಗ್ರೀಸ್ ವಾಪಸ್ ಕೇಳುತ್ತಲೇ ಇದೆ, 2009ರಲ್ಲಿ ಅವಕ್ಕೆಂದೇ ಜಾಗ ಬಿಟ್ಟು ಗುಡ್ಡದ ಕೆಳಗೆ ಹೊಸ ಮ್ಯೂಸಿಯಂ ಕೂಡ ತೆರೆಯಿತು. ಒಲಿಂಪಿಯಾದ ದೇವಸ್ಥಾನವನ್ನು 6ನೇ ಶತಮಾನದ ಭೂಕಂಪ ಉರುಳಿಸಿತು. ಕಂಬಗಳು ಹೆಚ್ಚಿಟ್ಟ ಸೌತೆಕಾಯಿ ಬಿಲ್ಲೆಗಳ ಹಾಗೆ ಸಾಲಾಗಿ ಮಲಗಿವೆ. ಮೇಲೆ ನದಿ ತಂದ ಮಣ್ಣು ಹಲವು ಅಡಿ ಮುಚ್ಚಿತ್ತು, 1875ರಿಂದ ಜರ್ಮನ್ನರು ಅಗೆದು ತೆಗೆದರು.

ಕಂಚಿನ ಮೂರ್ತಿಗಳಿಗೆ ಕಂಚೇ ಶತ್ರು. ಕಲ್ಲು ಒಡೆದರೂ ಚೂರು ಉಳಿಯುತ್ತದೆ, ಕಂಚು ಮೂಸೆಗೆ ಬಿದ್ದರೆ ಪಾತ್ರೆಯೋ ನಾಣ್ಯವೋ ಆಗಿಬಿಡುತ್ತದೆ. ಗ್ರೀಕರ ಸಾವಿರಾರು ಕಂಚುಗಳು ಹಂಗೇ ಹೋದವು. ಉಳಿದವು ಮನುಷ್ಯನ ಕೈಗೆ ಸಿಗದೆ ತಪ್ಪಿಸಿಕೊಂಡವು. ಡೆಲ್ಫಿಯ ಸಾರಥಿ ಭೂಕಂಪದ ಮಣ್ಣಿನಡಿ ಸೇರಿ 1896ರಲ್ಲಿ ಸಿಕ್ಕ. 1972ರಲ್ಲಿ ಇಟಲಿಯ ರಿಯಾಚೆ ಊರಿನ ಕಡಲಿನಲ್ಲಿ ಮುಳುಗು ಹಾಕುತ್ತಿದ್ದವನೊಬ್ಬ ಸುಮಾರು 8 ಮೀಟರು ಆಳದಲ್ಲಿ ಮರಳಿನಿಂದ ಒಂದು ಕೈ ಚಾಚಿರುವುದನ್ನು ಕಂಡು ಹೆಣ ಅಂತ ಬೆಚ್ಚಿದನಂತೆ. ತೆಗೆದರೆ ಆಳೆತ್ತರದ ಇಬ್ಬರು ಕಂಚಿನ ಯೋಧರು! ಒಬ್ಬನಿಗೆ ಬೆಳ್ಳಿಯ ಹಲ್ಲು. ಇವು ಫೀಡಿಯಸ್‌ನವೇ ಅಂತ ಕೆಲವರು ವಾದಿಸಿದ್ದಾರೆ, ಪುರಾವೆ ಇಲ್ಲ.

ಈಗ ಲೋಟದ ವಿಷಯ. ಒಲಿಂಪಿಯಾದ ದೇವಸ್ಥಾನದ ಪಶ್ಚಿಮಕ್ಕೆ ಒಂದು ಹಳೇ ಚರ್ಚಿನ ಗೋಡೆಗಳಿದ್ದವು. ಅದು ಮೊದಲು ಫೀಡಿಯಸ್‌ನ ಕಾರ್ಖಾನೆ, ಅಳತೆಯಲ್ಲಿ ಹೆಚ್ಚುಕಮ್ಮಿ ಗರ್ಭಗುಡಿಯಷ್ಟೇ ಇದೆ. 1954ರಿಂದ 1958ರ ನಡುವೆ ಜರ್ಮನ್ ಪುರಾತತ್ವದವರು ಅಲ್ಲಿ ಅಗೆದಾಗ ದಂತದ ಚೂರು, ಗಾಜು, ಸಣ್ಣ ಉಪಕರಣಗಳು, ಬಟ್ಟೆಯ ಮಡಿಕೆಯ ಆಕಾರದ ಮಣ್ಣಿನ ಅಚ್ಚುಗಳು ಸಿಕ್ಕವು. ಜೊತೆಗೆ ಹಿಡಿ ಇರುವ, ಕಪ್ಪು ಹೊಳಪಿನ ಒಂದು ಪುಟ್ಟ ಮಣ್ಣಿನ ಲೋಟ. ತಿರುಗಿಸಿ ನೋಡಿದರೆ ತಳದಲ್ಲಿ ಮೊನೆಯಿಂದ ಗೀಚಿದ ಗ್ರೀಕ್ ಅಕ್ಷರಗಳು, ಲೋಟವೇ ತಾನು ಫೀಡಿಯಸ್‌ನದು ಎಂದು ಹೇಳುವಂತೆ. ಬರಹ ಹಳೆಯದೇ ಎಂದು ಕೆಲವರಿಗೆ ಅನುಮಾನವಿತ್ತು, ಹೆಚ್ಚಿನವರು ಒಪ್ಪಿದ್ದಾರೆ. ನಮ್ಮ ಮನೆಗಳಲ್ಲಿ ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆ ಮೇಲೆ ಹೆಸರು ಹೊಡೆಸಿರುತ್ತಾರಲ್ಲ, ಅದೇ ಉದ್ದೇಶ ಇರಬೇಕು. ಅಷ್ಟು ಜನ ಆಳುಗಳಿರುವ ಕಾರ್ಖಾನೆಯಲ್ಲಿ ನೀರು ಕುಡಿಯುವ ಲೋಟ ಅದಲುಬದಲಾಗದೆ ಇರುತ್ತದೆಯೇ? ಈಗ ಅದು ಒಲಿಂಪಿಯಾದ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದೆ.